ಅಮಲ್ದಾರರ ಮಖಮಲ್ ಕೋಟು

ಹೊಳಲ್ಕೆರೆಯ ಬಸ್ ನಿಲ್ದಾಣದ ಎದುರು ಗಂಡಸರ ಬಟ್ಟೆ ಹೊಲಿಯುವ ಅಂಗಡಿಗಳು ಮೂರಿದ್ದವು. ಎರಡನ್ನು ಗಂಡಸರು ನಡೆಸುತ್ತಿದ್ದರು, ಮೂರನೆಯದನ್ನು ಗಿರಿಯಮ್ಮ. ದರ್ಜಿಯಾಗಿದ್ದ ಗಂಡ ಚಿತ್ರಲಿಂಗಪ್ಪ ತೀರಿಕೊಂಡು ತಿಂಗಳು ತುಂಬುವ ಮೊದಲೇ ಅವಳು ಅಂಗಡಿಯ ಬಾಗಿಲು ತೆಗೆದು ಮಷೀನಿನ ಮುಂದೆ ಕೂತಳು. ಮೈದುನ ಓಡಿಬಂದು, "ಗಂಡಸರ ಎದೆ ಸುತ್ತ ಟೇಪು ಹಿಡಿಯೋದು ಹೆಂಗಸ್ರು ಮಾಡೋ ಕೆಲಸಾನಾ ಅತ್ತಿಗೆ?" ಎಂದ. ಗಿರಿಯಮ್ಮ ಟೇಪನ್ನು ಅವನ ಕೈಗೇ ಕೊಟ್ಟಳು. "ಹಂಗಾರೆ ನೀನು ಹಿಡಿಯಪ್ಪ, ನಾನು ಬರ್ಕಂತೀನಿ." ಅವನು ಎರಡು ದಿನ ಹಿಡಿದ. ಮೂರನೆಯ ದಿನ ಬರಲಿಲ್ಲ. ಅಂದಿನಿಂದ ಅಳತೆಯೂ ಅವಳದೇ, ಹೊಲಿಗೆಯೂ ಅವಳದೇ.

ಊರವರಿಗೆ ಅದು ಹೇಗೋ ರೂಢಿಯಾಯಿತು. ರೂಢಿಯಾಗದೆ ಉಳಿದದ್ದು ಅವಳ ಇನ್ನೊಂದು ಹುಚ್ಚು. ಒಮ್ಮೆ ಚಿಕ್ಕಜಾಜೂರಿನಲ್ಲಿ ರೈಲ್ವೆಯವರು ವಾರಸುದಾರರಿಲ್ಲದ ಸಾಮಾನು ಹರಾಜು ಹಾಕಿದಾಗ ಅವಳು ಹಳೆಯ ಗಾರ್ಡ್ ಕೋಟೊಂದನ್ನು ಎರಡು ರೂಪಾಯಿಗೆ ಹಿಡಿದಿದ್ದಳು. ಬಿಚ್ಚಿ ಹುಡುಗರ ಚಡ್ಡಿ ಹೊಲಿಯುವ ಯೋಚನೆಯಿತ್ತು. ಒಳಪದರದ ಅಸ್ತರು ಬಿಚ್ಚಿದವಳು ಕತ್ತರಿಯನ್ನು ಕೆಳಗಿಟ್ಟುಬಿಟ್ಟಳು. ಭುಜದ ಒಳಗೆ ಯಾರೋ ಕಾಣದ ದರ್ಜಿ ಇರುವೆ ಸಾಲಿನಂತೆ ಹಾಕಿಟ್ಟಿದ್ದ ಹೊಲಿಗೆಯನ್ನು ನೋಡುತ್ತಾ ಅಂದು ಊಟಕ್ಕೂ ಏಳಲಿಲ್ಲ. ಆಮೇಲೆ ಹೊಸದುರ್ಗ, ಹಿರಿಯೂರು, ಚಿತ್ರದುರ್ಗ, ಎಲ್ಲಿ ಹಳೆಯ ಮನೆಯ ಸಾಮಾನು ಹರಾಜಿಗೆ ಬಂತೆಂದರೂ ಗಿರಿಯಮ್ಮ ಬಸ್ಸು ಹತ್ತಿದಳು. ಪಟೇಲರ ವೇಸ್ಟ್‌ಕೋಟು, ಯುದ್ಧಕ್ಕೆ ಹೋಗಿ ಬಂದ ಸಿಪಾಯಿಯ ದಪ್ಪ ಕೋಟು, ಶಾನುಭೋಗರೊಬ್ಬರ ಅಲ್ಪಾಕ ಉಣ್ಣೆಯ ಕ್ಲೋಸ್ ಕೋಟು, ಹೀಗೆ ಏಳು ವರ್ಷದಲ್ಲಿ ಹತ್ತೊಂಬತ್ತು ಉಡುಪು ಸೇರಿದವು. ಬೇವಿನ ಸೊಪ್ಪು ಹಾಕಿ ಟ್ರಂಕಿನಲ್ಲಿಟ್ಟು ವರ್ಷಕ್ಕೆರಡು ಸಲ ಬಿಸಿಲು ತೋರಿಸುತ್ತಿದ್ದಳು. ಹಗ್ಗದ ಮೇಲೆ ಸಾಲಾಗಿ ತೂಗುವ ಕೋಟುಗಳನ್ನು ಕಂಡು ಪಕ್ಕದಲ್ಲಿ ಬಳೆ ಮಾರುವ ಹೊನ್ನಕ್ಕ, "ಸತ್ತೋರ್ನೆಲ್ಲ ಮನೇಲಿ ತುಂಬ್ಕಂಡೀಯಲ್ಲೇ" ಎಂದು ಬೈಯುತ್ತಿದ್ದಳು. "ಸತ್ತೋರು ತೊಟ್ಟಿದ್ದು ಬಿಡಕ್ಕ. ಹೊಲಿದೋರ ಕೈ ನೋಡು" ಎನ್ನುತ್ತಿದ್ದಳು ಗಿರಿಯಮ್ಮ.

ಎಪ್ಪತ್ತನಾಲ್ಕನೆಯ ಇಸವಿಯ ಮಾಘದಲ್ಲಿ ಮಹಾರಾಜರ ಕಾಲದಲ್ಲಿ ಚಿತ್ರದುರ್ಗದ ಅಮಲ್ದಾರರಾಗಿದ್ದವರ ಬಂಗಲೆಯ ಸಾಮಾನು ಹರಾಜಿಗೆ ಬಂತು. ಅಮಲ್ದಾರರು ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಮಗ ಪೇಟೆಯಲ್ಲಿ ಹೊಸ ಮನೆ ಕಟ್ಟಿಸಿಕೊಂಡು, ಹಳೆಯದರ ಸಾಮಾನನ್ನೆಲ್ಲ ಅಂಗಳಕ್ಕೆ ಇಳಿಸಿದ್ದ. ಹರಾಜು ಕೂಗುವವನು ಗೋವಿಂದಯ್ಯ. ಮಂಚ, ಗಡಿಯಾರ, ತಾಮ್ರದ ಹಂಡೆಗಳೆಲ್ಲ ಮುಗಿದ ಮೇಲೆ ಅವನೊಂದು ಬಿಳಿ ಬಟ್ಟೆಯ ಗಂಟು ಬಿಚ್ಚಿದ. ನೇರಳೆ ಬಣ್ಣದ ಮಖಮಲ್ಲಿನ ದರ್ಬಾರು ಕೋಟು. ಮೊಣಕಾಲಿನವರೆಗೆ ಉದ್ದ. ಕೊರಳಪಟ್ಟಿಗೆ, ತೋಳಿನ ಅಂಚಿಗೆ ಬೆಳ್ಳಿ ಜರಿಯ ಬಳ್ಳಿ. ಗೋವಿಂದಯ್ಯ ಕೊರಳಪಟ್ಟಿಯನ್ನು ಮಗುಚಿ ಒಳಗಿನ ಇಂಗ್ಲಿಷ್ ಚೀಟಿ ತೋರಿಸಿದ. "ನೋಡ್ರಿ, ಮದರಾಸಿನ ಬಿಳಿ ದೊರೆಗಳ ಕಂಪನಿ ಹೊಲಿದಿದ್ದು! ಐವತ್ತು ರೂಪಾಯಿ ಸವಾಲು!"

ಜನ ಮುಖ ಮುಖ ನೋಡಿಕೊಂಡರು. ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ಮುರುಗಪ್ಪ ಮಾತ್ರ ಎದ್ದು ಬಂದು ಜರಿಯನ್ನು ಉಗುರಿನಿಂದ ಕೆರೆದ. ಹಳೆಯ ಜರಿ ಬಟ್ಟೆ ಕೊಂಡು, ಬೆಂಕಿಗೆ ಹಾಕಿ, ಬೂದಿಯಿಂದ ಬೆಳ್ಳಿ ತೆಗೆಯುವುದು ಅವನ ವ್ಯಾಪಾರ. "ಅರವತ್ತು" ಎಂದ.

"ಎಪ್ಪತ್ತು" ಎಂದಿತು ಹಿಂದಿನಿಂದ ಒಂದು ಹೆಣ್ಣು ದನಿ.

ಅಂಗಳವೇ ಹಿಂದಕ್ಕೆ ತಿರುಗಿತು. ಗಿರಿಯಮ್ಮ ಸೆರಗು ಸಿಕ್ಕಿಸಿಕೊಂಡು ಜನರ ನಡುವಿನಿಂದ ಮುಂದೆ ಬಂದಳು. ಗೋವಿಂದಯ್ಯನಿಗೆ ಅವಳ ಪರಿಚಯವಿತ್ತು. ಆದರೂ ದೊಡ್ಡವರ ಮುಂದೆ ಮುಜುಗರವಾಗಿ, "ಏನವ್ವ, ನಿಮ್ಮ ಯಜಮಾನ್ರೋ ಮತ್ಯಾರೋ ಬಂದಿದ್ರೆ ಅವರಿಂದ ಕೂಗಿಸ್ರಿ" ಎಂದ.

"ಯಜಮಾನ್ರು ಸತ್ತು ಹತ್ತು ವರ್ಷ ಆತು. ನನ್ನ ಬಾಯಿ ಚೆನ್ನಾಗೈತೆ."

ಯಾರೋ ನಕ್ಕರು. ಮುರುಗಪ್ಪ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ಗಂಡಸಿಲ್ಲದ ಮನೆಗೆ ಗಂಡಸಿನ ಕೋಟು ಯಾಕಮ್ಮ? ಯಾರಿಗೆ ತೊಡಿಸ್ತೀಯ?"

"ನೀವು ಸುಡಾಕೆ ತಗಂತೀರಿ, ನಾನು ಇಟ್ಕಳಾಕೆ ತಗಂತೀನಿ. ಯಾರಿಗೆ ಬುದ್ಧಿ ಇಲ್ಲ ಅಂತ ಇಲ್ಲಿರೋರೇ ಹೇಳ್ಲಿ. ಕೂಗ್ರಿ ಗೋವಿಂದಯ್ಯ, ಎಪ್ಪತ್ತು."

ಆಮೇಲೆ ಅದು ಕೋಟಿನ ಸವಾಲಾಗಿ ಉಳಿಯಲಿಲ್ಲ. ಬೆಳ್ಳಿ ಎಷ್ಟು ಬಂದೀತೆಂದು ಮುರುಗಪ್ಪನಿಗೆ ಗೊತ್ತಿತ್ತು. ಆ ಲೆಕ್ಕ ದಾಟಿದ ಮೇಲೂ ಹಟಕ್ಕೆ ಮೂರು ಸಲ ಏರಿಸಿದ. ಗಿರಿಯಮ್ಮನ ಸೊಂಟದ ಚೀಲದಲ್ಲಿ ಹೊಸ ಮಷೀನಿಗೆಂದು ಕೂಡಿಟ್ಟ ಇನ್ನೂರೈವತ್ತು ರೂಪಾಯಿ ಇತ್ತು. ಅವಳು ಇನ್ನೂರನಲವತ್ತು ಎಂದಾಗ ಮುರುಗಪ್ಪ ಕುರ್ಚಿಗೆ ಒರಗಿದ. "ತಗಳ್ಳಿ ಬಿಡು, ಹುಚ್ಚಿ." ಮೂರನೆಯ ಸಾರಿ ಎಂದು ಗೋವಿಂದಯ್ಯ ಕೋಲಿನಿಂದ ಮೇಜು ಕುಟ್ಟಿದಾಗ ಅವಳು ಚೀಲ ಬಿಚ್ಚಿ ರೊಕ್ಕ ಎಣಿಸಿಕೊಟ್ಟಳು. ಕೋಟನ್ನು ಎದೆಗವಚಿಕೊಂಡು, ಯಾರ ಕಡೆಗೂ ನೋಡದೆ, ಗೇಟು ದಾಟಿದಳು.

ಮರುದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅಸ್ತರಿನ ಒಂದು ಅಂಚನ್ನು ಬಿಚ್ಚಿದಳು. ದೊರೆಗಳ ಕಂಪನಿಯ ಹೊಲಿಗೆ ಹೇಗಿರುತ್ತದೋ ನೋಡುವ ಆಸೆ. ಎದೆಯ ಭಾಗದಲ್ಲಿ ಮಖಮಲ್ಲಿನ ಹಿಂದೆ, ಕೋಟು ಬಿಗಿಯಾಗಿ ನಿಲ್ಲಲೆಂದು ಹಾಕುವ ಬಿಳಿಯ ಕ್ಯಾನ್ವಾಸ್ ಇರಬೇಕಿತ್ತು. ಕಂಡದ್ದು ಕರಿಯ ಉಣ್ಣೆ. ಗಿರಿಯಮ್ಮ ಬೆರಳಿಟ್ಟು ಉಜ್ಜಿದಳು, ಮೂಗಿನ ಹತ್ತಿರ ಹಿಡಿದಳು. ರಾಮಗಿರಿಯ ಕುರಿಗಾರರ ಮನೆಯಲ್ಲಿ ಹುಟ್ಟಿದವಳಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹುಣಸೆಬೀಜದ ಗಂಜಿ ಹಾಕಿ ನೇಯ್ದ ಕಂಬಳಿ! ಮದರಾಸಿನ ಕಂಪನಿಯವರ ಮೇಜಿಗೆ ಇದು ಎಲ್ಲಿಂದ ಬಂತು? ಇನ್ನಷ್ಟು ಬಿಚ್ಚಿದಳು. ಕಂಬಳಿಯನ್ನು ಮಖಮಲ್ಲಿಗೆ ಕೂಡಿಸಿದ ಓರೆ ಹೊಲಿಗೆಗಳೆಲ್ಲ ತಿರುಗುಮುರುಗಾಗಿದ್ದವು. ತಾನು ಹಾಕಿದರೆ ಬಲಕ್ಕೆ ವಾಲುವ ಹೊಲಿಗೆ ಇಲ್ಲಿ ಎಡಕ್ಕೆ ವಾಲಿತ್ತು. ಸಾವಿರಾರು ಹೊಲಿಗೆ, ಒಂದೂ ತಪ್ಪದೆ ಎಡಕ್ಕೆ.

ಹೊಲಿದವನು ಎಡಚ.

ಚಿತ್ರಲಿಂಗಪ್ಪ ಬದುಕಿದ್ದಾಗ ತನ್ನ ಗುರುವಿನ ಗುರುವಿನ ಮಾತು ಬಂದರೆ ಸಾಕು, ಕೈಮುಗಿಯುತ್ತಿದ್ದ. ಹೊಸದುರ್ಗದ ಎಡಚ ಓಬಣ್ಣ. ಆತ ಬದುಕಿರಬಹುದೆಂದು ಗಿರಿಯಮ್ಮನಿಗೆ ಅನ್ನಿಸಿರಲಿಲ್ಲ. ಹೊಸದುರ್ಗದ ಬಸ್ಸಿನ ಕಂಡಕ್ಟರನನ್ನು ಕೇಳಿದರೆ, "ಅವರಿನ್ನೂ ಬದುಕವ್ರೆ! ಸಂತೆ ಮೈದಾನದ ಹಿಂದೆ, ಸೊಸೆ ಮನೇಲಿ. ಕಣ್ಣು ಮಾತ್ರ ಹೋಗ್ಯಾವೆ" ಎಂದ.

ಸೊಸೆ ಬರಗೇರಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಜಗಲಿಯ ಮೇಲೆ ಕಡ್ಡಿಯಂತಹ ಮುದುಕ. ಗಿರಿಯಮ್ಮ ಪಕ್ಕದಲ್ಲಿ ಕೂತು, ಕೋಟನ್ನು ಅವನ ತೊಡೆಯ ಮೇಲಿಟ್ಟಳು. ಓಬಣ್ಣನ ಬೆರಳು ಕೊರಳಪಟ್ಟಿಯ ಮೇಲೆ ಹರಿದಾಡಿತು, ಗುಂಡಿಯ ಕಾಜಾಗಳನ್ನು ಒಂದೊಂದಾಗಿ ಮುಟ್ಟಿತು, ಬಿಚ್ಚಿದ ಅಸ್ತರಿನೊಳಗೆ ನುಸುಳಿ ಕಂಬಳಿಯ ಮೇಲೆ ನಿಂತಿತು.

"ಇದು ನಮ್ಮವ್ವನ ಕಂಬಳಿ" ಎಂದ ಕೊನೆಗೆ.

ಆಮೇಲೆ ಒಂದೊಂದೇ ಮಾತು ಹೊರಬಂತು. ದಸರಾ ದರ್ಬಾರಿಗೆ ಹೋಗಬೇಕೆಂದು ಅಮಲ್ದಾರರು ಇಪ್ಪತ್ತು ದಿನದ ಗಡುವು ಕೊಟ್ಟು ಬಂಗಲೆಯ ಹಿತ್ತಲಿನಲ್ಲಿ ಅವನನ್ನು ಕೂರಿಸಿದ್ದರು. ಮದರಾಸಿನಿಂದ ಬರಬೇಕಾದ ಕ್ಯಾನ್ವಾಸ್ ಬರಲಿಲ್ಲ. ಅವ್ವ ತಾನು ಹೊದ್ದಿದ್ದ ತೆಳು ಕಂಬಳಿಯನ್ನೇ ಕೊಟ್ಟಳು. ಕೋಟು ಮುಗಿದ ದಿನ ಅಮಲ್ದಾರರು ಕನ್ನಡಿಯ ಮುಂದೆ ನಿಂತು ನೋಡಿಕೊಂಡರು. ಕಂಪನಿಯ ಹಳೆಯ ಕೋಟೊಂದರಿಂದ ಕಿತ್ತ ಚೀಟಿಯನ್ನು ಕೊಟ್ಟು, ಇದನ್ನು ಕೊರಳಿನ ಹಿಂದೆ ಹೊಲಿ ಎಂದರು.

"ನಿಮ್ಮ ಕೈಲೇ ಹೊಲಿಸಿದ್ರಾ?"

"ನನ್ನ ಕೈಲೇ. ಬಾಯಿಬಿಟ್ರೆ ಈ ಸೀಮೇಲಿ ಸೂಜಿ ಹಿಡಿಯಂಗಿಲ್ಲ ಅಂದ್ರು. ಚಿಕ್ಕ ಚಿಕ್ಕ ಮಕ್ಕಳಿದ್ವು. ಸುಮ್ಕಾದೆ." ಓಬಣ್ಣ ಕೋಟನ್ನು ಮಡಚಿ ಅವಳತ್ತ ನೂಕಿದ. "ಬಿಡವ್ವ, ಯಾವ ಕಾಲದ ಮಾತು."

ಗಿರಿಯಮ್ಮ ಮಡಿಕೆ ಬಿಡಿಸಿ ಕೋಟನ್ನು ಎತ್ತಿ ಹಿಡಿದಳು. "ಬಿಡಾಕಾಗಲ್ಲ. ಎದ್ದೇಳ್ರಿ, ಇದನ್ನ ತೊಡ್ರಿ."

"ಅಯ್ಯೋ! ದೊಡ್ಡೋರ ಕೋಟು..."

"ಸವಾಲು ಕೂಗಿ, ರೊಕ್ಕ ಎಣಿಸಿ ತಂದೀನಿ. ಈಗ ಈ ಕೋಟಿಗೆ ದೊಡ್ಡೋರು ಅಂದ್ರೆ ನಾನು. ತೊಡ್ರಿ ಅಂತ ಹೇಳ್ತಾ ಇದೀನಿ."

ಬರಗೇರಮ್ಮ ಮೊರ ಕೆಳಗಿಟ್ಟು ಬಂದು ಮಾವನನ್ನು ಎಬ್ಬಿಸಿದಳು. ಭುಜಕ್ಕೆ ಸಡಿಲ, ಉದ್ದ ಮೊಣಕಾಲು ದಾಟಿತು. ತಾನು ಹೊಲಿದ ಕೋಟಿನೊಳಗೆ ಮುದುಕ ಮೊದಲ ಸಲ ನಿಂತ. ತೋಳು ಚಾಚಿ, ಮಡಚಿ, ಕಂಕುಳ ಹತ್ತಿರ ಎಲ್ಲಾದರೂ ಹಿಡಿಯುತ್ತದೋ ಎಂದು ನೋಡಿದ. "ಹಿಡಿಯಲ್ಲ" ಎಂದ, ತನಗೆ ತಾನೇ.

ತಿಂಗಳು ಕಳೆದ ಮೇಲೆ ಹೊಳಲ್ಕೆರೆಯ ಅಂಗಡಿಯ ಮುಂದೆ ಒಂದು ಕಾರು ನಿಂತಿತು. ಇಳಿದವರು ಬೆಂಗಳೂರಿನ ಸರ್ವಮಂಗಳ. ಶ್ರೀಮಂತರ ಟ್ರಸ್ಟೊಂದಕ್ಕೆ ಹಳೆಯ ರಾಜ ದರ್ಬಾರಿನ ಉಡುಪುಗಳನ್ನು ಪ್ರದರ್ಶನಕ್ಕೆಂದು ಕೂಡಿಸುತ್ತಿದ್ದರು. ಗೋವಿಂದಯ್ಯನಿಂದ ಸುದ್ದಿ ತಿಳಿದು ಬಂದಿದ್ದರು. ಬಟ್ಟೆ ಬಲ್ಲವರು, ಟ್ರಂಕಿನಿಂದ ತೆಗೆದಿಟ್ಟ ಕೋಟನ್ನು ಮುಟ್ಟುವ ಮೊದಲು ಕೈ ಒರೆಸಿಕೊಂಡರು. ಅದು ಗಿರಿಯಮ್ಮನಿಗೆ ಹಿಡಿಸಿತು. ಚೀಟಿಯನ್ನು ನೋಡಿದೊಡನೆ ಅವರ ಮುಖ ಅರಳಿತು.

"ಈ ಕಂಪನಿಯ ದರ್ಬಾರು ಕೋಟು ನಮ್ಮಲ್ಲಿ ಒಂದೂ ಇಲ್ಲಮ್ಮ. ಎರಡು ಸಾವಿರ ಕೊಡ್ತೀನಿ."

ಪಕ್ಕದ ಅಂಗಡಿಯಿಂದ ಇಣುಕುತ್ತಿದ್ದ ಹೊನ್ನಕ್ಕನ ಕೈಯಿಂದ ಬಳೆಯ ಸರವೊಂದು ಜಾರಿತು.

"ಕುಂತ್ಕಳ್ರಿ" ಎಂದ ಗಿರಿಯಮ್ಮ ಅಸ್ತರನ್ನು ಸರಿಸಿ ಕಂಬಳಿ ತೋರಿಸಿದಳು, ಎಡಕ್ಕೆ ವಾಲಿದ ಹೊಲಿಗೆ ತೋರಿಸಿದಳು, ಓಬಣ್ಣನ ಕಥೆ ಹೇಳಿದಳು. ಸರ್ವಮಂಗಳ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಸುಳ್ಳೆಂದು ಹೇಳಲಿಲ್ಲ.

"ಕೊಡ್ತೀನಿ ಅಮ್ಮಾರೆ. ಆದ್ರೆ ಅಲ್ಲಿ ಗಾಜಿನ ಪೆಟ್ಟಿಗೇಲಿ ಇಡುವಾಗ ಓಬಣ್ಣ ಅಂತ ಹೆಸರು ಬರೀಬೇಕು."

ಸರ್ವಮಂಗಳ ಕನ್ನಡಕ ತೆಗೆದರು. "ನೀವು ಹೇಳೋದು ನಿಜಾನೇ ಇರಬೇಕು. ಆದರೆ ಟ್ರಸ್ಟಿನವರು ದುಡ್ಡು ಕೊಡೋದು ಈ ಚೀಟಿಗೆ. ಊರಿನ ದರ್ಜಿ ಹೊಲಿದಿದ್ದು ಅಂದರೆ ಇನ್ನೂರಕ್ಕೂ ಒಪ್ಪಲ್ಲ. ಅಸ್ತರು ಮುಚ್ಚಿಬಿಡಿ. ಒಳಗೆ ಏನಿದೆ ಅಂತ ಯಾರು ನೋಡ್ತಾರೆ?"

"ನಾನು ನೋಡೀನಲ್ಲ."

ಗಿರಿಯಮ್ಮ ಮೇಜಿನ ಮೇಲಿದ್ದ ಬ್ಲೇಡು ತೆಗೆದುಕೊಂಡಳು. ಕೊರಳಪಟ್ಟಿಯನ್ನು ಮೊಣಕಾಲಿನ ಮೇಲೆ ಮಗುಚಿ, ಚೀಟಿಯ ಸುತ್ತಲಿನ ಹೊಲಿಗೆಯನ್ನು ಒಂದೊಂದೇ ಬಿಚ್ಚತೊಡಗಿದಳು. "ಏನು ಮಾಡ್ತಿದೀರಿ!" ಎಂದು ಸರ್ವಮಂಗಳ ಎದ್ದುನಿಂತರು. ಅವಳು ತಲೆ ಎತ್ತಲಿಲ್ಲ. ಮಖಮಲ್ಲಿಗೆ ಒಂದು ಗೀರೂ ಬೀಳದ ಹಾಗೆ ನಾಲ್ಕು ಅಂಚನ್ನೂ ಬಿಡಿಸಿ, ಎರಡು ಬೆರಳಗಲದ ಚೀಟಿಯನ್ನು ಅವರ ಕೈಯಲ್ಲಿಟ್ಟಳು.

"ನಿಮಗೆ ಬೇಕಾಗಿರೋದು ಇದು. ಒಯ್ರಿ. ಇದಕ್ಕೆ ನಾನು ದುಡ್ಡು ಕೇಳಲ್ಲ."

ಕಾರು ಹೋದ ಮೇಲೆ ಹೊನ್ನಕ್ಕ ಬಂದು ಬಾಯಿಗೆ ಬಂದಂತೆ ಬೈದಳು. ಹೊಸ ಮಷೀನು ಬರುತ್ತಿತ್ತು, ಮನೆಗೆ ಹೆಂಚು ಬರುತ್ತಿತ್ತು. ಗಿರಿಯಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಅವತ್ತು ಸಂಜೆ ಹಳೆಯ ಮಷೀನಿನ ಪೆಡಲು ತುಳಿಯುವಾಗ ಕಾಲು ನೋಯುತ್ತಿತ್ತು. ತುಸು ಅಳುವೂ ಬಂತು. ಆದರೆ ಚೀಟಿ ಬಿಚ್ಚಿದ್ದಕ್ಕೆ ಅಲ್ಲ.

ಮಾರನೆಯ ದಿನ ಕೋಟನ್ನು ಅಂಗಡಿಯ ಬಾಗಿಲಿಗೆ ಎದುರಾಗಿ ತೂಗುಹಾಕಿ, ಕೆಳಗೆ ಒಂದು ರಟ್ಟಿನ ಹಲಗೆ ಕಟ್ಟಿದಳು: 'ಇದನ್ನು ಹೊಲಿದವರು ಹೊಸದುರ್ಗದ ಓಬಣ್ಣ.' ವಾರದೊಳಗೆ ಸುದ್ದಿ ಮುಟ್ಟಿ ಅಮಲ್ದಾರರ ಮಗ ಬಂದ. ಒಳಗೆ ಬರದೆ ಬೀದಿಯಿಂದಲೇ, "ಆ ಬೋರ್ಡು ಇಳಿಸಿ. ನಮ್ಮ ತಂದೆಯವರ ಮರ್ಯಾದೆ ಪ್ರಶ್ನೆ" ಎಂದ.

"ಬರ್ರಿ ಒಳಗೆ. ಅಸ್ತರು ಬಿಚ್ಚೇ ಇಟ್ಟೀನಿ. ನೋಡಿ, ಸುಳ್ಳು ಅಂತ ನಿಮಗೆ ಅನ್ಸಿದ್ರೆ ನಾನೇ ಇಳಿಸ್ತೀನಿ."

ಅವನು ಒಳಗೆ ಕಾಲಿಡಲಿಲ್ಲ. ಸೇರಿದ ಜನರನ್ನು ನೋಡಿ ಹೊರಟುಹೋದ. ಬೋರ್ಡು ಇಳಿಯಲಿಲ್ಲ.

ಯುಗಾದಿ ಕಳೆದ ಮೇಲೊಂದು ಬೆಳಿಗ್ಗೆ ಹೊಸದುರ್ಗದ ಬಸ್ಸಿನಿಂದ ಬರಗೇರಮ್ಮ ಮಾವನ ಕೈಹಿಡಿದು ಇಳಿಸಿದಳು. ಓಬಣ್ಣ ಒಗೆದ ಬಿಳಿ ಅಂಗಿ ತೊಟ್ಟಿದ್ದ. ಗಿರಿಯಮ್ಮ ಸ್ಟೂಲು ಹಾಕಿ ಕೂರಿಸಿದಳು. ಪಕ್ಕದ ದರ್ಜಿಗಳಿಬ್ಬರೂ ಕೆಲಸ ಬಿಟ್ಟು ಬಂದು ನಿಂತರು.

"ಏನೋ ಬರ್ದೀಯಂತಲ್ಲವ್ವ. ಓದು" ಎಂದ ಮುದುಕ.

ಅವಳು ಓದಿದಳು, ಬಸ್ಸು ಕಾಯುತ್ತಿದ್ದವರಿಗೂ ಕೇಳುವಂತೆ. ಓಬಣ್ಣ ತಲೆ ವಾರೆ ಮಾಡಿ ಆಲಿಸಿದ. ಹುಬ್ಬು ಗಂಟಿಕ್ಕಿತು.

"ಬರೆಯೋದು ಬರ್ದೆ, ಪೂರಾ ಬರೀಬಾರ್ದಾ? ಹೊಸದುರ್ಗದಾಗೆ ಓಬಣ್ಣ ಅನ್ನೋರು ಬಾಳ ಜನ ಅವ್ರೆ. ಮುದ್ದಪ್ಪನ ಮಗ ಓಬಣ್ಣ ಅಂತ ಬರಿ. ದಪ್ಪಕ್ಕೆ ಬರಿ, ಬಸ್ಸಿನಾಗೆ ಹೋಗೋರಿಗೂ ಕಾಣ್ಬೇಕು."

ಗಿರಿಯಮ್ಮ ಹಲಗೆ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಶಾಯಿಯ ದೌತಿಗಾಗಿ ಕೈಚಾಚಿದಳು.