ಬರಿಮರದ ಮೇಲೆ ಬೂದುಗುಂಬಳ

ನನ್ನ ಯಜಮಾನರಾದ ಮೋಹನ್ ಕುಮಾರ್ ಅವರು ಕೆಲಸ ಕೆಡಿಸುವವರಲ್ಲ. ಕೆಡಿಸಬೇಕೆಂದರೂ ಮೊದಲು ಕೆಲಸಕ್ಕೆ ಕೈ ಹಾಕಬೇಕಲ್ಲ. ನಾಟಿಕೋಳಿ ಸಾಕುತ್ತೇನೆಂದು ಗೂಡು ಕಟ್ಟಿಸಿದರು, ಕೋಳಿ ಬರಲೇ ಇಲ್ಲ. ಜಿಮ್ ತೆರೆಯುತ್ತೇನೆಂದು ಆಳೆತ್ತರದ ಕನ್ನಡಿ ತಂದರು, ಈಗ ಅದರ ಮುಂದೆ ನಿಂತು ಮೀಸೆ ಕತ್ತರಿಸಿಕೊಳ್ಳುತ್ತಾರೆ. ಇಂಥವರು ಒಂದು ದಿನ ಊಟದ ನಡುವೆ, "ಡೆಕ್ಕು ನಾನೇ ರೆಡಿ ಮಾಡ್ತೀನಿ ಬಿಡು" ಎಂದಾಗ ಮುದ್ದೆ ನನ್ನ ಗಂಟಲಲ್ಲೇ ನಿಂತಿತು.

ಡೆಕ್ಕು ಎಂದರೆ ನಾಗರಬಾವಿಯ ನಮ್ಮ ಮನೆಯ ತಾರಸಿಯ ಮೇಲಿರುವ ಹಲಗೆಯ ನೆಲ. ಕಾನೂನು ಓದುವ ಹುಡುಗರಿಗೆ ಟೀ ಮಾರಲೆಂದು ಹಿಂದೊಬ್ಬ ಬಾಡಿಗೆದಾರ ಅದನ್ನು ಹಾಸಿ, ನೀಲಿ ಬಣ್ಣ ಬಳಿಸಿದ್ದ. ಅಂಗಡಿ ಮುಚ್ಚಿತು, ಅವನು ಹೋದ, ನೆಲ ಉಳಿಯಿತು. ನಾನು ಅದರ ಮೇಲೆ ಮಕ್ಕಳಿಗೆ ಭರತನಾಟ್ಯ ಕಲಿಸುತ್ತೇನೆ. ಸಿಮೆಂಟಿನ ಮೇಲೆ ಕುಣಿದರೆ ಮಂಡಿ ಹೋಗುತ್ತದೆ, ಮರವಾದರೆ ಕಾಲಿನ ಪೆಟ್ಟನ್ನು ತಾನು ನುಂಗಿಕೊಳ್ಳುತ್ತದೆ. ಈ ಮೂರಂತಸ್ತಿನ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳುವುದಕ್ಕೆ ಇರುವುದು ಆ ನೆಲವೊಂದೇ. ಅಡುಗೆಮನೆಯೂ ನನ್ನದೇ ಎನ್ನುತ್ತಾರೆ. ಅದನ್ನು ಯಾರು ಬೇಕಾದರೂ ಇಟ್ಟುಕೊಳ್ಳಲಿ.

ಆ ನೀಲಿ ಬಣ್ಣ ಈಗ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಮಕ್ಕಳು ಅಂಗಾಲು ನೀಲಿ ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ಒಂದು ಮಗುವಿಗೆ ಸಿಬಿರು ಚುಚ್ಚಿ, ಅದರ ತಾಯಿ ಶಶಿಕಲಾ ನನ್ನನ್ನು ಹುಡುಕುವ ಗೋಜಿಗೆ ಹೋಗದೆ ನೇರವಾಗಿ ನನ್ನ ಮಾವನಿಗೇ ದೂರು ಕೊಟ್ಟರು. ಮಾವ ಚನ್ನಕೇಶವರು ಹಳೆಯ ನಾಗರಬಾವಿಯವರು. ಜಮೀನಿದ್ದಲ್ಲಿ ಲೇಔಟು ಎದ್ದ ಮೇಲೆ ರಾಗಿ ಬೆಳೆಯುವುದನ್ನು ಬಿಟ್ಟು ಬಾಡಿಗೆ ಬೆಳೆಯುತ್ತಾರೆ. ಖಾಲಿ ಜಾಗ ಕಂಡರೆ ಅವರಿಗೆ ನಿದ್ದೆ ಬರುವುದಿಲ್ಲ.

"ನೋಡಮ್ಮ ರಮ್ಯ, ವಿಜಯದಶಮಿ ಒಳಗೆ ಅದು ನೆಟ್ಟಗಾದ್ರೆ ಇರ್ಲಿ. ಇಲ್ದಿದ್ರೆ ಕಿತ್ತಾಕಿ ಶೀಟ್ ರೂಮ್ ಎತ್ತಿಸ್ತೀನಿ. ಸ್ಟೂಡೆಂಟ್ಸು ಕ್ಯೂ ನಿಂತವ್ರೆ" ಎಂದರು.

ವಿಜಯದಶಮಿ ಹೊಸ ಮಕ್ಕಳು ಪಾಠಕ್ಕೆ ಸೇರುವ ದಿನ. ಅವತ್ತು ನೆಲ ಇಲ್ಲದಿದ್ದರೆ ತರಗತಿಯೂ ಇಲ್ಲ. ನಾನು ಬಡಗಿಯನ್ನು ಕರೆಸುವುದರಲ್ಲಿದ್ದೆ. ಅಷ್ಟರಲ್ಲಿ ನಮ್ಮವರು ಮೊಬೈಲಿನಲ್ಲಿ ಯಾರೋ ಬಿಳಿಯ ಅಜ್ಜ ತನ್ನ ಹಿತ್ತಿಲಿನ ಡೆಕ್ಕು ಉಜ್ಜುವುದನ್ನು ನೋಡಿಬಿಟ್ಟರು. ಮಗ ಮಾಡುತ್ತಾನೆ ಎಂದ ಮೇಲೆ ಬಡಗಿ ಯಾಕೆ ಎಂದರು ಮಾವ. ಮಗನ ವಿಷಯದಲ್ಲಿ ಅವರ ನಂಬಿಕೆಗೆ ಯಾವ ಸಾಕ್ಷಿಯೂ ಬೇಕಿಲ್ಲ.

ಮೊದಲು ಉಡುಗೆ ಬಂತು. ಕಣ್ಣಿಗೆ ಕನ್ನಡಕ, ಮೊಣಕೈವರೆಗೆ ಗ್ಲೌಸು, ಎಲ್ಲೆಲ್ಲೂ ಜೇಬಿರುವ ಪ್ಯಾಂಟು. ಆಮೇಲೆ ಬಣ್ಣ ಕರಗಿಸುವ ಡಬ್ಬಿ ಬಂತು. ಅದನ್ನು ನೆರಳಿನಲ್ಲಿ ಬಳಿಯಬೇಕೆಂದು ಡಬ್ಬಿಯ ಮೇಲೆಯೇ ಬರೆದಿದೆ. ಇವರು ಮಟಮಟ ಮಧ್ಯಾಹ್ನ ಬಳಿದರು, ಯಾಕೆಂದರೆ ವಿಡಿಯೋಗೆ ಬೆಳಕು ಚೆನ್ನಾಗಿರುತ್ತದಂತೆ. ಬಣ್ಣ ಮೆತ್ತಗಾಗುವ ಮೊದಲೇ ಆ ದ್ರಾವಣ ಒಣಗಿ ಹಪ್ಪಳವಾಯಿತು. ಒಂದು ಹಲಗೆಯನ್ನು ಕಷ್ಟಪಟ್ಟು ಕೆರೆದು, ಅದರ ಪಕ್ಕ ಕೂತು ಫೋಟೋ ಹಾಕಿ, ಸೊಂಟ ಹಿಡಿದುಕೊಂಡು ಕೆಳಗಿಳಿದರು.

ಉಳಿದ ಹಲಗೆಗಳನ್ನು ಕೆರೆದವಳು ನಾನು. ಬೆಳಿಗ್ಗೆ ಬಿಸಿಲೇರುವ ಮುಂಚೆ ಬಳಿದು, ಬಣ್ಣ ಸುಕ್ಕುಗಟ್ಟಿ ಮೇಲೆದ್ದ ಕೂಡಲೇ ಮರದ ಗೆರೆಗುಂಟ ಚಪ್ಪಟೆ ಉಳಿಯಿಂದ ಎಬ್ಬಿಸುತ್ತಿದ್ದೆ. ನೀಲಿಯ ಕೆಳಗೆ ಹಸಿರಿತ್ತು, ಹಸಿರಿನ ಕೆಳಗೆ ಜೇನಿನ ಬಣ್ಣದ ತೇಗ. ಮೊದಲ ಸಲ ಅದನ್ನು ಕಂಡಾಗ ಉಳಿ ಬದಿಗಿಟ್ಟು ಅಂಗೈಯಿಂದ ಸವರಿದೆ. ನಮ್ಮವರು ಕಾಫಿ ಹಿಡಿದು ಬಂದು, "ಸೂಪರ್ ಬಂದಿದೆ ಅಲ್ವಾ ನನ್ ಐಡಿಯಾ?" ಎಂದು ಕೇಳಿ ಹೋದರು.

ಉಜ್ಜುವ ಮೆಷಿನ್ನು ಬಾಡಿಗೆಗೆ ಬಂದಾಗ ಮಾತ್ರ ಅವರಿಗೆ ಹುಮ್ಮಸ್ಸು ಬಂತು. ಮೆಷಿನ್ನು ಸದ್ದು ಮಾಡುತ್ತದೆ, ಸದ್ದಾದರೆ ಅಕ್ಕಪಕ್ಕದವರು ನೋಡುತ್ತಾರೆ. ಅಂತೂ ನೆಲ ನುಣುಪಾಯಿತು. ಆಯುಧಪೂಜೆಯ ಮಧ್ಯಾಹ್ನ ಅದರ ಮೇಲೆ ಪಾಲಿಷ್ ಬಳಿದು ಮುಗಿಸುವುದೆಂದು ನಾನು ತೀರ್ಮಾನಿಸಿದ್ದೆ. ಬಳಿಯುವ ತನಕ ಮರ ಬೆತ್ತಲೆ, ಏನು ಬಿದ್ದರೂ ಕುಡಿದುಬಿಡುತ್ತದೆ, ಯಾರೂ ಬರಿಗಾಲಲ್ಲಿ ಸಹ ಹತ್ತಬೇಡಿ ಎಂದು ಮನೆಯವರಿಗೆಲ್ಲ ಹೇಳಿದ್ದೆ.

ಅವತ್ತು ಮಾವ ತಮ್ಮ ಟೆಂಪೋ, ಬೋರ್‌ವೆಲ್ಲುಗಳ ಪೂಜೆಗೆಂದು ಮಲ್ಲತ್ತಹಳ್ಳಿಗೆ ಹೋದರು. ನಾನು ಒಬ್ಬಟ್ಟು ಬೇಯಿಸುತ್ತಿದ್ದೆ. ಮೇಲಿನಿಂದ ಧಡ್ ಎಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಮೋಹನ್ ಕುಮಾರ್ ಅವರು ಪಂಚೆಯುಟ್ಟು, ವಿಭೂತಿ ಬಳಿದುಕೊಂಡು, ನೆಲದ ನಟ್ಟನಡುವೆ ನಿಂತಿದ್ದಾರೆ. ಮೆಷಿನ್ನಿಗೆ ಸೇವಂತಿಗೆ ಹಾರ ಹಾಕಿದ್ದಾರೆ. ಅದರ ಮುಂದೆ ಹೊಟ್ಟೆ ತುಂಬ ಕುಂಕುಮ ತುಂಬಿದ ಬೂದುಗುಂಬಳಕಾಯಿ ಸಿಡಿದು ಚೂರುಚೂರಾಗಿ ಬಿದ್ದಿದೆ. ಕೆಂಪು ನೀರು ಹಲಗೆಯಿಂದ ಹಲಗೆಗೆ ಹರಿಯುತ್ತಿದೆ. ಸಾಲದೆಂದು ಓಕುಳಿಯ ತಟ್ಟೆಯನ್ನೂ ಸುತ್ತಿ ಅಲ್ಲಿಯೇ ಚೆಲ್ಲಿದ್ದಾರೆ.

"ಏನ್ರೀ ಇದು?"

"ದೃಷ್ಟಿ ಕಣೇ. ವಿಡಿಯೋಗೆ ಎಷ್ಟ್ ಜನ ಕಮೆಂಟ್ ಹಾಕಿದಾರೆ ಗೊತ್ತಾ? ಕಣ್ಣು ಬಿದ್ದಿರತ್ತೆ."

"ರೋಡಲ್ಲಿ ಒಡೀಬೇಕಿತ್ತು!"

"ರೋಡಿಗೆ ಯಾರು ದೃಷ್ಟಿ ಹಾಕಿದ್ರು?"

ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿ, ಡಿಗ್ರಿ ಮುಗಿಸಿ, ಮತ ಹಾಕುವ ಮನುಷ್ಯ ಈ ಪ್ರಶ್ನೆ ಕೇಳಿದರು. ನಾನು ಬಟ್ಟೆ ತಂದು ಒರೆಸಿದೆ. ಬಟ್ಟೆ ಕೆಂಪಾಯಿತು, ಮರ ಇನ್ನೂ ಕೆಂಪಾಯಿತು. ಅಂಥ ಒಳ್ಳೆಯ ತೇಗದ ಮೇಲೆ ಕೊಲೆ ನಡೆದ ಮನೆಯ ಕಳೆ ಬಂತು. ನನಗೆ ಅಳು ಬರಲಿಲ್ಲ, ಆ ಮನುಷ್ಯನ ಮೇಲೆ ಹೇಸಿಗೆ ಹುಟ್ಟಿತು.

ಉಪಾಯವೇನೋ ಒಂದಿತ್ತು. ಕಲೆ ಆಳಕ್ಕಿಳಿಯುವ ಮೊದಲು ಮತ್ತೆ ಉಜ್ಜಬೇಕು. ಆದರೆ ಮೆಷಿನ್ನು ಪೂಜೆಗೆ ಕೂತಿತ್ತು. ನಮ್ಮ ಮನೆಯಲ್ಲಿ ಪೂಜೆಗಿಟ್ಟ ಸಾಮಾನನ್ನು ಮಾರನೆಯ ದಿನ ಮಂಗಳಾರತಿ ಆಗುವ ತನಕ ಮುಟ್ಟುವ ಹಾಗಿಲ್ಲ. ಒಮ್ಮೆ ನನ್ನ ನಾದಿನಿ ಲತಾ ಪೂಜೆಯ ಕತ್ತರಿ ತೆಗೆದು ಹಾಲಿನ ಪ್ಯಾಕೆಟ್ ಕತ್ತರಿಸಿದ್ದಕ್ಕೆ ಮಾವ ಅವಳ ಜೊತೆ ಸಂಕ್ರಾಂತಿವರೆಗೆ ಮಾತು ಬಿಟ್ಟಿದ್ದರು. ಮಗಳಿಗೇ ಹಾಗಾದರೆ ಸೊಸೆಗೆ ಏನು ಕಾದಿರುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ತೆಗೆದೆನೋ, ತರಗತಿ ಹೋಯಿತು. ತೆಗೆಯದಿದ್ದರೆ ನೆಲ ಹೋಯಿತು, ಅದರ ಜೊತೆ ತರಗತಿಯೂ.

ನಾನು ಹಾರ ತೆಗೆದು ಪಕ್ಕಕ್ಕಿಟ್ಟೆ.

"ಅಪ್ಪಂಗೆ ಗೊತ್ತಾದ್ರೆ ಸಾಯ್ಸಿಬಿಡ್ತಾರೆ ಕಣೇ! ನನ್ ಹೆಸರು ಮಾತ್ರ ಎಳೀಬೇಡ" ಎಂದರು ನಮ್ಮವರು.

"ಕೆಳಗೆ ಹೋಗಿ. ಒಬ್ಬಟ್ಟಿದೆ, ತಿನ್ನಿ" ಎಂದೆ.

ಹೋದರು. ತಿಂದರು, ಮಲಗಿದರು ಕೂಡ. ಬೀದಿಯ ತುಂಬ ಪಟಾಕಿ, ಹಾರ್ನು, ತಮಟೆ ಇದ್ದುದರಿಂದ ಮೆಷಿನ್ನಿನ ಸದ್ದು ಯಾರ ಕಿವಿಗೂ ಬೀಳಲಿಲ್ಲ. ನಾನು ಸೀರೆ ಎತ್ತಿಕಟ್ಟಿ ಕಲೆಯನ್ನು ಉಜ್ಜಿದೆ, ಕೈ ಜೋಮು ಹಿಡಿಯುವವರೆಗೆ ಉಜ್ಜಿದೆ. ನಡುವೆ ಮಾತ್ರ ಸ್ವಲ್ಪ ಗುಲಾಬಿ ಛಾಯೆ ಮರದೊಳಗೆ ಉಳಿಯಿತು. ಧೂಳು ಒರೆಸಿ, ಬೇಗ ಒಣಗುವ ಪಾಲಿಷನ್ನು ಒಂದು ಸುತ್ತು ಬಳಿದು, ಆರಿದ ಮೇಲೆ ಇನ್ನೊಂದು ಸುತ್ತು ಬಳಿದೆ. ಮಾವನ ಟೆಂಪೋ ಗೇಟಿಗೆ ಬಂದಾಗ ನಮ್ಮವರು ಎದ್ದು ಬಂದು ಒಂದು ಕೆಲಸ ಮಾಡಿದರು. ಮೆಷಿನ್ನಿಗೆ ಮತ್ತೆ ಹಾರ ಹಾಕಿದರು.

ಬೆಳಿಗ್ಗೆ ಹೊಸ ಮಕ್ಕಳು, ತಂದೆತಾಯಂದಿರು ವೀಳ್ಯದೆಲೆ, ಹೂವು, ಹಣ್ಣು ಹಿಡಿದು ಮೆಟ್ಟಿಲು ಹತ್ತಿ ಬಂದರು. ನೆಲ ಹೊಳೆಯುತ್ತಿತ್ತು. ಬಾಗಿಲಲ್ಲಿ ಜೇಬುಗಳ ಪ್ಯಾಂಟು ತೊಟ್ಟು ನಮ್ಮವರು ನಿಂತಿದ್ದರು.

"ನಾನೇ ಸಾರ್, ಕಂಪ್ಲೀಟ್ ನಾನೇ. ಆ ಪಿಂಕ್ ಶೇಡು ಸ್ಪೆಷಲ್ ಫಿನಿಶು, ಎಲ್ರಿಗೂ ಬರಲ್ಲ."

ಶಶಿಕಲಾ ನನ್ನ ಕೈ ಹಿಡಿದುಕೊಂಡರು. "ರಮ್ಯ ಮೇಡಂ, ಎಂಥಾ ಹಸ್ಬೆಂಡು ರೀ! ನಮ್ಮನೇಲಿ ಒಂದು ಬಲ್ಬ್ ಹಾಕಲ್ಲ." ಉಳಿದವರೂ ಹೌದೌದು ಎಂದರು. ನನ್ನ ಉಗುರುಗಳಲ್ಲಿ ಇನ್ನೂ ನೀಲಿ ಬಣ್ಣವಿತ್ತು, ಯಾರೂ ನೋಡಲಿಲ್ಲ.

ಮಾವ ಗರಿಗರಿ ಪಂಚೆಯಲ್ಲಿ ಬಂದು ಹಲಗೆಯ ಮೇಲೆ ಬರಿಗಾಲಲ್ಲಿ ಓಡಾಡಿದರು. "ನನ್ ಮಗ ಕೈಯಾರೆ ಮಾಡವ್ನೆ, ಇದ್ನ ಕೀಳಕ್ಕೆ ನನ್ಗೇನ್ ಹುಚ್ಚಾ? ಕ್ಲಾಸ್ ನಡೀಲಿ. ಆದ್ರೆ ಒಂದು, ಬೋರ್ಡಲ್ಲಿ ಅವನ ಹೆಸ್ರಾಕ್ಸಿ. ಮೋಹನ್ ಕುಮಾರ್ ನೃತ್ಯ ಶಾಲೆ ಅಂತ."

ನಮ್ಮವರು ತಲೆ ತಗ್ಗಿಸಿ, "ಎಲ್ಲ ನಿಮ್ಮ ಆಶೀರ್ವಾದ" ಎಂದರು. ನನ್ನ ಮೈ ಉರಿದುಹೋಯಿತು. ಸತ್ಯ ಹೇಳಿದರೆ ತರಗತಿ ಹೋಗುತ್ತದೆ, ಹೇಳದಿದ್ದರೆ ಅವರದಾಗುತ್ತದೆ. ಎರಡನ್ನೂ ಒಪ್ಪುವವಳಲ್ಲ ನಾನು.

"ಮಾವ, ಇವರಿಗೆ ಒಂದು ಆಸೆ ಇದೆ, ಹೇಳ್ಕೊಳಕ್ಕೆ ನಾಚ್ಕೋತಾ ಇದಾರೆ" ಎಂದೆ. "ಈ ನೆಲದ ಮೇಲೆ ಮೊದಲನೇ ಹೆಜ್ಜೆ ತಾವೇ ಕಲೀಬೇಕಂತೆ. ಇವತ್ತು ಸೇರ್ಕೋತಾರೆ."

"ನಾನಾ?" ಎಂದರು ನಮ್ಮವರು.

"ಬೇಡ್ವಾ? ಹಾಗಾದ್ರೆ ನಿನ್ನೆ ಮಧ್ಯಾಹ್ನದ್ದು ಮಾವನ ಹತ್ರ ಮಾತಾಡೋಣ."

"ಸೇರ್ಕೋತೀನಿ, ಸೇರ್ಕೋತೀನಿ."

ನಾನು ತಾಳ ಹಾಕುವ ತಟ್ಟುಮಣೆಯ ಹಿಂದೆ ಕೂತೆ. ಸೇರುವವರು ಮೊದಲು ಗುರುವಿಗೆ ತಾಂಬೂಲ ಕೊಟ್ಟು ಕಾಲಿಗೆ ಬೀಳಬೇಕು. ಮಕ್ಕಳು ಸಾಲಾಗಿ ನಿಂತಿದ್ದರು. ಅವರ ಮುಂದೆ, ಎಲೆ ಅಡಿಕೆ ಹಿಡಿದುಕೊಂಡು, ಮೀಸೆ ಹೊತ್ತು ನಿಂತರು ನಮ್ಮವರು.

"ಏಯ್, ಗಂಡಸು ಹೆಂಡ್ತಿ ಕಾಲಿಗ್ ಬೀಳೋದಾ?" ಎಂದರು ಮಾವ.

"ಗುರು ಅಂದ್ಮೇಲೆ ಗುರುನೇ ಅಲ್ವಾ ಅಂಕಲ್? ಎಷ್ಟ್ ಸ್ವೀಟಾಗಿದೆ!" ಎಂದು ಶಶಿಕಲಾ ಮೊಬೈಲ್ ಎತ್ತಿದರು. ಒಬ್ಬೊಬ್ಬರಾಗಿ ಉಳಿದವರೂ ಎತ್ತಿದರು.

ಇಷ್ಟು ಕ್ಯಾಮೆರಾ ಕಂಡರೆ ಬೇರೆ ದಿನ ಅವರು ಎದೆ ಉಬ್ಬಿಸುತ್ತಿದ್ದರು. ಅವತ್ತು ಒಮ್ಮೆ ಅಪ್ಪನ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ಬಗ್ಗಿದರು. ಅವರ ಹಣೆ ನನ್ನ ಪಾದಕ್ಕೆ ತಾಗಿತು. ನಾನು ಅವಸರ ಮಾಡಲಿಲ್ಲ. ಎಲ್ಲರ ವಿಡಿಯೋಗೂ ಸರಿಯಾಗಿ ಬರಲಿ ಎಂದು ಕಾದು, ತಲೆಯ ಮೇಲೆ ಅಕ್ಷತೆ ಹಾಕಿದೆ.

"ಈಗ ಅರೆಮಂಡಿ. ಹಿಮ್ಮಡಿ ಜೋಡ್ಸಿ, ಮಂಡಿ ಎರಡೂ ಕಡೆಗೆ ಬಗ್ಗಿಸಿ ಕೂರಬೇಕು."

ಕೂತರು. ಜೇಬುಗಳ ಪ್ಯಾಂಟು ಹೊಲಿಗೆಯಲ್ಲಿ ಚರ್ ಎಂದಿತು. ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು. ಮಾವ ಮುಖ ತಿರುಗಿಸಿ ಮೆಟ್ಟಿಲ ಹತ್ತಿರ ಹೋದವರು, ಅಲ್ಲಿಂದಲೇ ಮೆಲ್ಲಗೆ, "ಬೋರ್ಡು ನಿನ್ನೆಸ್ರಲ್ಲೇ ಇರ್ಲಿ ಬಿಡಮ್ಮ" ಎಂದರು.

"ಸರಿ ಮಾವ" ಎಂದೆ. ನಮ್ಮವರ ತೊಡೆ ನಡುಗುತ್ತಿತ್ತು, ಏಳಲೇ ಎಂದು ಕಣ್ಣಲ್ಲಿ ಕೇಳುತ್ತಿದ್ದರು. ನಾನು ಕೋಲಿನಿಂದ ಮಣೆ ತಟ್ಟಿದೆ.

"ಇನ್ನೂ ಕೆಳಗೆ."