ಇಪ್ಪತ್ತಮೂರನೇ ಪುಟದ ಹಳದಿ ಚೀಟಿ

ಫ್ಯಾನಿನ ಗಾಳಿಗೆ ಹಳದಿ ಚೀಟಿ ಅಲುಗುತ್ತಿದೆ, ಫೈಲಿನಿಂದ ನಾಲಿಗೆ ಚಾಚಿ ನನ್ನನ್ನೇ ಅಣಕಿಸುವ ಹಾಗೆ, ಇಪ್ಪತ್ತಮೂರನೇ ಪುಟ, ಅದೊಂದೇ ಪುಟಕ್ಕೆ ಚೀಟಿ, ಕಿತ್ತುಬಿಡಲೇ — ಪಕ್ಕದಲ್ಲಿ ಪಂಕಜಾ ಆಂಟಿ ಬೆಂಚಿಗೆ ಒರಗಿ ಕಣ್ಣು ಮುಚ್ಚಿದ್ದಾರೆ, ಮಂಡಿ ನೋವಿಟ್ಟುಕೊಂಡು ಪೀತಂಪುರಾದಿಂದ ದಿಲ್ಲಿ ಮೆಟ್ರೋ ಬದಲಾಯಿಸಿ ನನ್ನ ಕಾಲೇಜಿಗೆ ಬಂದಿದ್ದಾರೆ, ನನಗೋಸ್ಕರ, ಮೂರು ವಾರದ ಹಿಂದೆ ನಾನು ಯಾರೆಂದೇ ಗೊತ್ತಿರಲಿಲ್ಲ ಅವರಿಗೆ, ನೋಡಿದರೆ ಕೊತ್ತಂಬರಿಗಾಗಿ ತರಕಾರಿ ಭಯ್ಯಾನ ಜೊತೆ ಜಗಳವಾಡುವ ಯಾವುದೋ ಆಂಟಿ, ಆದರೆ ಮೂವತ್ತು ವರ್ಷ ಸರ್ಕಾರಿ ಫೈಲು ನೋಡಿ ರಿಟೈರಾದವರು, ನಕಲು ಮಾಡಿದ್ದೀಯ ಅಂತ ಕಾಲೇಜಿನಿಂದ ಪತ್ರ ಬಂದವರೆಲ್ಲ ಓಡುವುದು ಅವರ ಊಟದ ಟೇಬಲ್ಲಿಗೆ, ನನ್ನ ಕ್ಲಾಸಿನ ಧನುಷ್ ಬಚಾವಾದದ್ದೂ ಅಲ್ಲಿಗೆ ಹೋಗಿಯೇ, ನನ್ನನ್ನು ಕಳಿಸಿದ್ದೂ ಅವನೇ. ನನ್ನ ಪತ್ರ ಇಷ್ಟೇ — ಪ್ರಬಂಧ ಪೂರ್ತಿ ಕಂಪ್ಯೂಟರಿನಲ್ಲಿ ಒಂದೇ ನಿಮಿಷದಲ್ಲಿ ಬಂದು ಬಿದ್ದಿದೆ, ಎಐ ಯಂತ್ರ ಬರೆದದ್ದೆಂಬ ಶಂಕೆಯಿದೆ, ವಿವರಣೆ ಕೊಡಿ, ಇಲ್ಲವಾದರೆ ಸೊನ್ನೆ, ಇಡೀ ವರ್ಷ ಮತ್ತೆ — ಬೀಳದೆ ಇನ್ನೇನು, ನಾನು ಬರೆಯುವುದೆಲ್ಲ ಫೋನಿನಲ್ಲಿ, ಮೆಟ್ರೋ ಕಂಬಕ್ಕೆ ಆತುಕೊಂಡು, ನನಗೆ ನಾನೇ ವಾಟ್ಸಾಪ್ ಕಳಿಸಿಕೊಂಡು, ಕೊನೇ ದಿನ ಎಲ್ಲ ಬಾಚಿ ಲ್ಯಾಪ್‌ಟಾಪಿಗೆ ಸುರಿಯುವುದು. ಅದನ್ನು ಹೇಳುವುದು ಬಿಟ್ಟು ಮೂರು ಪುಟ ಅತ್ತಿದ್ದೆ, ದೇವರಾಣೆ, ಅಮ್ಮನಾಣೆ, ಆಂಟಿ ಓದಿ ನಕ್ಕೇ ನಕ್ಕರು, ಇದು ಉತ್ತರ ಅಲ್ಲ ಕಣೇ ಸಿಂಚನಾ, ಹರಕೆ, ಆಂಟಿ ಪ್ಲೀಸ್ ನೀವೇ ಬರೆದುಕೊಡಿ ಅಂದೆ, ಅಚ್ಛಾ, ನಾನು ಬರೆದ್ರೆ ಅದೂ ಕಾಪಿನೇ ಅಲ್ವಾ? ಒಂದು ಸಾಲೂ ಬರೆಯಲಿಲ್ಲ ಮಹಾತಾಯಿ, ಬರೀ ಕೇಳಿದರು, ಉಪ್ಪಿಟ್ಟು ಹಾಕಿಕೊಟ್ಟು ಮತ್ತೆ ಕೇಳಿದರು, ಯಾವತ್ತು, ಎಲ್ಲಿ, ಕಾಗದ ಎಲ್ಲಿ, ಆ ಮೆಸೇಜೆಲ್ಲ ಪ್ರಿಂಟ್ ಹಾಕಿಸ್ಕೊಂಡು ಬಾ, ನಲವತ್ತೊಂದು ಪುಟ, ತಾರೀಖು ಗಂಟೆ ಸಮೇತ, ಕೋಹಾಟ್ ಎನ್‌ಕ್ಲೇವ್ ಸ್ಟೇಷನ್ನಿನಲ್ಲಿ ಶುರುವಾದ ವಾಕ್ಯ ಕನ್ಹಯ್ಯಾ ನಗರದಲ್ಲಿ ಯಾರೋ ಕಾಲು ತುಳಿದದ್ದಕ್ಕೆ ಅರ್ಧಕ್ಕೇ ನಿಂತಿದೆ, ಆಂಟಿ ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಓದಿದರು, ನನ್ನ ಚಿಂದಿಯನ್ನು ಅಷ್ಟು ಮರ್ಯಾದೆಯಿಂದ ಈವರೆಗೆ ಯಾರೂ ಓದಿರಲಿಲ್ಲ, ಆಮೇಲೆ ಇಪ್ಪತ್ತಮೂರಕ್ಕೆ ಬಂದು ನಿಂತರು, ಎಲ್ಲಾ ಕಡೆ ಎಡವಿ ಎದ್ದಿದೀಯ, ಈ ಐದು ಸಾಲು ಮಾತ್ರ ಒಂದೇ ಉಸಿರಿಗೆ ಬಂದಿದೆಯಲ್ಲ, ಯಾರದಮ್ಮಾ ಇದು? ಸೀನಿಯರ್ ಅನನ್ಯಾಳ ಹಳೇ ಪ್ರಬಂಧದ್ದು, ಹೆಸರು ಹಾಕದೆ ಎತ್ತಿದ್ದು, ಕಾಲೇಜಿಗೆ ಅದು ಗೊತ್ತೇ ಇಲ್ಲ ಆಂಟಿ, ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ — ಬೈಯಲಿಲ್ಲ, ಹಳದಿ ಚೀಟಿಯ ಕಟ್ಟು ನನ್ನ ಮುಂದೆ ನೂಕಿದರು, ನಮ್ಮ ಆಫೀಸಲ್ಲಿ ನಮಗೆ ಉಲ್ಟಾ ಹೊಡೆಯೋ ಪುಟಕ್ಕೇ ಮೊದಲು ಚೀಟಿ, ಅದನ್ನ ತೋರಿಸಿದವರ ಮಿಕ್ಕ ನಲವತ್ತು ಪುಟ ಸಾಹೇಬ್ರು ನಂಬ್ತಾರೆ, ಅಂಟಿಸೋಳು ನೀನು, ನಾನಲ್ಲ. ಅಂಟಿಸಿದ್ದೆ. ಈಗ ಕೈ ತಾನಾಗಿ ಹೋಯಿತು, ಚರ್ ಅಂತ ಸದ್ದೂ ಆಗದೆ ಬಂದುಬಿಟ್ಟಿತು, ಹೆಬ್ಬೆರಳಿಗೆ ಅಂಟಿಕೊಂಡಿದೆ, ಬಾಗಿಲು ತೆರೆಯಿತು, ಸಿಂಚನಾ ಕೌನ್ ಹೈ ಅಂತ ಪ್ಯೂನ್ ಕೂಗಿದ, ಆಂಟಿ ಕಣ್ಣು ಬಿಟ್ಟು ಚಲೋ, ಹೋಗು ಒಳಗೆ ಅಂದರು, ಫೈಲಿನ ಕಡೆ ನೋಡಲೂ ಇಲ್ಲ, ನೋಡಬಾರದಿತ್ತೇ, ಅಷ್ಟು ನಂಬಿಕೆ ಯಾಕೆ ಆಂಟಿ — ಒಳಗೆ ಮೂವರು, ನಡುವಿನ ಮೇಡಂ ಪುಟ ತಿರುಗಿಸುತ್ತಿದ್ದಾರೆ, ಕನ್ಹಯ್ಯಾ ನಗರಕ್ಕೆ ಬಂದು ನಕ್ಕರು, ಪಕ್ಕದ ಸರ್‌ಗೂ ತೋರಿಸಿದರು, ನಂಬಿದರು, ನಂಬಿಯೇಬಿಟ್ಟರು, ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತನಾಲ್ಕು, ದಾಟಿಹೋಯಿತು, ವರ್ಷ ಉಳಿಯಿತು, ಹೆಬ್ಬೆರಳು ಮಡಚಿಕೊಂಡಿದ್ದೇನೆ, ಒಳಗೆ ಅದು, ಗೋಡೆಯ ಆಚೆ ನೋಯುವ ಮಂಡಿ ನೀವಿಕೊಳ್ಳುತ್ತಾ ಆಂಟಿ — ಮೇಡಂ, ಏಕ್ ಪೇಜ್ ಪೀಛೇ, ಒಂದು ಪುಟ ಹಿಂದಕ್ಕೆ, ನನ್ನದೇ ದನಿ, ಮೇಜಿನ ಮೇಲೆ ಬಾಗಿದ್ದೇನೆ, ಅವರ ಬೆರಳು ನಿಂತಿದೆ, ಹೆಬ್ಬೆರಳು ಒತ್ತುತ್ತೇನೆ, ಇಪ್ಪತ್ತಮೂರು, ಅಂಚು ಮುದುಡಿದೆ, ಬೆವರಿಗೆ ಒದ್ದೆ, ಆದರೂ ಅಂಟಿತು, ಅಲುಗುತ್ತಿಲ್ಲ, ಹಳದಿ ಚೀಟಿ