ಎಡಗಡೆಯ ಅರ್ಧ

ನನಗೆ ಮೂಗಿನ ತುದಿಯಲ್ಲೇ ಕೋಪ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ನಮ್ಮದು ವಾಯುನೌಕೆ ಕಟ್ಟುವ ಕಾರ್ಖಾನೆ. ಎದುರುಗಾಳಿ ಅದರ ಮೂತಿಯನ್ನು ಎಷ್ಟು ಬಲವಾಗಿ ಮೇಲಕ್ಕೆತ್ತುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಬಾಲದ ರೆಕ್ಕೆ ಎಷ್ಟು ದೊಡ್ಡದಿರಬೇಕು ಎಂಬುದು ಆ ಸಂಖ್ಯೆಯ ಮೇಲೆ ನಿಂತಿದೆ. ರೆಕ್ಕೆ ಚಿಕ್ಕದಾದರೆ ನೌಕೆ ಹಿಡಿತಕ್ಕೆ ಸಿಗುವುದಿಲ್ಲ. ನೌಕೆಯ ಮೈಯನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಯಾವ ಚೌಕದೊಳಕ್ಕೂ ಗಾಳಿ ನುಗ್ಗದ ಹಾಗೆ ಒಂದೊಂದಕ್ಕೂ ಒಂದು ಸಮೀಕರಣ ಬರೆದೆ. ಪುಟ್ಟ ಮಾದರಿಯ ಅಳತೆಗೆ ನಲವತ್ತೊಂದು ಬಂತು.

ಆ ಮರದ ಮಾದರಿಯನ್ನು ಗಾಳಿ ಬೀಸುವ ಸುರಂಗದಲ್ಲಿಟ್ಟು, ಅದೇ ಬಲವನ್ನು ತಕ್ಕಡಿಯಲ್ಲಿ ತೂಗುವವರು ನನ್ನ ಸೋದರಮಾವ. ನನಗೆ ಮಗ್ಗಿ ಕಲಿಸಿದವರೂ ಅವರೇ. ಅವರ ತಕ್ಕಡಿ ಎಂಬತ್ತೆರಡು ತೋರಿಸಿತು.

"ಮಾವ, ನಿಮ್ಮ ತಕ್ಕಡಿಗೆ ವಯಸ್ಸಾಯ್ತು, ನಿಮಗೂ ಅಷ್ಟೇ!" ಎಂದು ಎಲ್ಲರೆದುರು ಹಾರಾಡಿದೆ. ಫಿಟ್ಟರುಗಳು ಕಿಸಕ್ಕೆಂದರು. ಮಾವ ಕನ್ನಡಕ ಒರೆಸಿಕೊಂಡು, "ಇರಬಹುದು ಕಣೋ, ನೋಡ್ತೀನಿ" ಎಂದರು.

ಇವತ್ತು ಬೆಳಿಗ್ಗೆ ಲೆಕ್ಕವನ್ನು ಇನ್ನೊಮ್ಮೆ ತೆರೆದಾಗ ತಪ್ಪು ಕಣ್ಣಿಗೆ ಬಿತ್ತು. ಎಡ ಬಲ ಎರಡೂ ಒಂದೇ ತಾನೇ ಎಂದು, ಕಂಪ್ಯೂಟರಿನ ಸಮಯ ಉಳಿಸಲು ಎಡಗಡೆಯ ಅರ್ಧದ ಬಲವನ್ನಷ್ಟೇ ಕೂಡಿಸಿದ್ದೆ. ಕೊನೆಗೆ ಎರಡರಿಂದ ಗುಣಿಸುವುದನ್ನು ಮರೆತಿದ್ದೆ. ಎರಡರ ಮಗ್ಗಿ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನಾಳೆ ರೆಕ್ಕೆಯ ತಗಡು ಕತ್ತರಿಸುತ್ತಾರೆ. ಬಿದ್ದಂಬೀಳ ಸುರಂಗಕ್ಕೆ ಓಡಿದೆ.

ಮಾವ ಮುಖ ಅರಳಿಸಿಕೊಂಡು ಕರೆದರು. "ಬಾ ಬಾ, ನೀನು ಹೇಳಿದ್ದೇ ಸರಿ ಕಣೋ. ನಾಲ್ಕು ದಿನ ಬಿಚ್ಚಿ ನೋಡಿದೆ, ತಪ್ಪು ಎಲ್ಲೂ ಸಿಗಲಿಲ್ಲ. ಆದ್ರೆ ನಿನ್ನ ಲೆಕ್ಕ ತಪ್ಪೋದುಂಟಾ? ಕೊನೆಗೆ ಈ ತಕ್ಕಡಿ ತೋಳಿನ ಬೋಲ್ಟನ್ನೇ ಸರಿಸಿಬಿಟ್ಟೆ. ಈಗ ನಲವತ್ತೊಂದೇ ಬರುತ್ತೆ ನೋಡು. ವರದಿಗೆ ಸಹಿನೂ ಹಾಕಿಟ್ಟಿದ್ದೀನಿ."

"ಮಾವ, ತಪ್ಪು ನಂದು. ನಾನು ಅರ್ಧ ಮಾತ್ರ ಲೆಕ್ಕ ಹಾಕಿದ್ದೆ. ನಿಮ್ಮ ಎಂಬತ್ತೆರಡೇ ಸರಿ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ನನ್ನ ಕಡೆ ನೋಡಲೇ ಇಲ್ಲ. ತಕ್ಕಡಿಯ ಮೇಲೆ ಕೈಯಿಟ್ಟು, "ಮೂವತ್ತು ವರ್ಷದಲ್ಲಿ ಇದು ಒಂದೂ ಸುಳ್ಳು ಹೇಳಿರಲಿಲ್ಲ ಕಣೋ," ಎಂದರು. "ನಾನೇ ಹೇಳಿಸಿಬಿಟ್ನಲ್ಲ."

"ನೀವಲ್ಲ ಮಾವ, ನಾನು."

ಅದು ಅವರ ಕಿವಿಗೆ ಬಿತ್ತೋ ಇಲ್ಲವೋ. ಬೋಲ್ಟ್ ಬಿಚ್ಚಬೇಕೆಂದು ಮೇಜಿನ ಮೇಲೆಲ್ಲ ಸ್ಪಾನರಿಗಾಗಿ ತಡಕಾಡತೊಡಗಿದರು. ಅದು ಅವರ ಕೈಯಲ್ಲೇ ಇತ್ತು.